ಪದ್ಯ ಮರೆಯಾದ ಸೆರೆಮನೆಯ ಚಂಪೂ: ಬೊಯೀಥಿಯಸ್‌ನ ಸಾಂತ್ವನ ಗ್ರಂಥದ ಅಗ್ಗದ ಮುದ್ರಣವೊಂದನ್ನು ಓದಿ

ಬೆಳಗಾವಿಯ ಖಡೇಬಜಾರಿಗೆ ಹೊಂದಿಕೊಂಡ ಗಲ್ಲಿಯೊಂದರ ಪುಸ್ತಕದಂಗಡಿಯಲ್ಲಿ, ಶಾಲಾ ಗೈಡುಗಳ ಮತ್ತು ಸ್ಪರ್ಧಾ ಪರೀಕ್ಷೆಗಳ ಪುಸ್ತಕಗಳ ನಡುವೆ, ಬೊಯೀಥಿಯಸ್‌ನ ಹೆಸರು ಕಂಡಾಗ ನಾನು ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಕ್ರಿ.ಶ. ಆರನೆಯ ಶತಮಾನದ ಮೊದಲ ಕಾಲುಭಾಗದಲ್ಲಿ ಇಟಲಿಯ ಸೆರೆಯೊಂದರಲ್ಲಿದ್ದುಕೊಂಡು ಈ ರೋಮನ್ ತತ್ತ್ವಜ್ಞಾನಿ ಲ್ಯಾಟಿನ್ನಿನಲ್ಲಿ ಬರೆದ ‘ಕನ್ಸೊಲೇಶನ್ ಆಫ್ ಫಿಲಾಸಫಿ’, ಅಂದರೆ ತತ್ತ್ವಶಾಸ್ತ್ರವು ಹೇಳುವ ಸಾಂತ್ವನ, ಇಂಗ್ಲಿಷ್ ಅನುವಾದದಲ್ಲಿ 225 ರೂಪಾಯಿಗೆ ಅಲ್ಲಿ ಸಿಕ್ಕಿತು. ಮಳೆಗಾಲದ ಮೂರು ವಾರ ಟಿಳಕವಾಡಿಯ ಮನೆಯಲ್ಲಿ ಕುಳಿತು ಅದನ್ನು ಎರಡು ಬಾರಿ ಓದಿದ್ದೇನೆ. ಕೃತಿಯ ಬಗ್ಗೆ ನನ್ನಲ್ಲಿ ಯಾವ ಅನುಮಾನವೂ ಇಲ್ಲ. ಆದರೆ ನಾನು ಕೊಂಡ ಈ ಮುದ್ರಣವು ಆ ಕೃತಿಯ ಅರ್ಧ ಜೀವವನ್ನು ತೆಗೆದಿಟ್ಟು ಉಳಿದರ್ಧವನ್ನು ಮಾರುತ್ತಿದೆ ಎಂಬುದು ನನ್ನ ದೂರು, ಮತ್ತು ಆ ದೂರು ಕೇವಲ ಕಾಗದ ಹಾಗೂ ಅಂಟಿಗೆ ಸಂಬಂಧಿಸಿದ್ದಲ್ಲ.

ಮೊದಲು ಲೇಖಕನ ವಿಷಯವನ್ನು ಹೇಳಬೇಕು, ಏಕೆಂದರೆ ಪ್ರಕಾಶಕರು ಆತನಿಗೆ ಒಂದೇ ಪುಟದ ಪರಿಚಯವನ್ನು ಕೊಟ್ಟು ಕೈ ತೊಳೆದುಕೊಂಡಿದ್ದಾರೆ. ಅನಿಸಿಯಸ್ ಮ್ಯಾನ್ಲಿಯಸ್ ಸೆವೆರಿನಸ್ ಬೊಯೀಥಿಯಸ್ ಹುಟ್ಟಿದ್ದು ಸುಮಾರು 480ರಲ್ಲಿ. ಪಶ್ಚಿಮ ರೋಮನ್ ಸಾಮ್ರಾಜ್ಯದ ಕೊನೆಯ ಚಕ್ರವರ್ತಿಯನ್ನು ಒಡೊಆಕರ್ 476ರಲ್ಲಿ ಪದಚ್ಯುತಗೊಳಿಸಿದ್ದನು. ಆ ಒಡೊಆಕರ್‌ನನ್ನು 493ರಲ್ಲಿ ಕೊಂದು, ಜರ್ಮನಿಕ್ ಬುಡಕಟ್ಟಾದ ಆಸ್ಟ್ರೊಗೋಥರ ದೊರೆ ಥಿಯೊಡೊರಿಕ್ ಇಟಲಿಯ ಒಡೆಯನಾದನು. ಹೀಗೆ ಅರಸೊತ್ತಿಗೆ ಗೋಥರದ್ದಾಗಿತ್ತು, ಸೆನೆಟ್ ಮಾತ್ರ ಹಳೆಯ ರೋಮನ್ ಮನೆತನಗಳ ಕೈಯಲ್ಲಿತ್ತು. ಅಂಥ ಮನೆತನಗಳಲ್ಲೊಂದಾದ ಅನಿಸಿಯೈ ವಂಶದ ಈ ಹುಡುಗ ಚಿಕ್ಕ ವಯಸ್ಸಿನಲ್ಲೇ ತಂದೆಯನ್ನು ಕಳೆದುಕೊಂಡು, ಸಿಮ್ಮಾಕಸ್ ಎಂಬ ಗೌರವಾನ್ವಿತ ಸೆನೆಟರನ ಆಶ್ರಯದಲ್ಲಿ ಬೆಳೆದು, ಮುಂದೆ ಅವನ ಮಗಳಾದ ರಸ್ಟಿಸಿಯಾನಾಳನ್ನೇ ಮದುವೆಯಾದನು. 510ರಲ್ಲಿ ಕಾನ್ಸಲ್ ಎಂಬ, ಒಂದು ವರ್ಷದ ಅತ್ಯುನ್ನತ ಗೌರವದ ಪದವಿಗೆ ಏರಿದನು. 522ರಲ್ಲಿ ಅವನ ಇಬ್ಬರು ಮಕ್ಕಳೂ ಒಂದೇ ವರ್ಷದಲ್ಲಿ ಜೊತೆಯಾಗಿ ಕಾನ್ಸಲ್ ಆದರು. ಸುಮಾರು ಅದೇ ಹೊತ್ತಿಗೆ ಥಿಯೊಡೊರಿಕ್ ಅವನನ್ನು ‘ಮ್ಯಾಜಿಸ್ಟರ್ ಆಫಿಸಿಯೋರಮ್’ ಎಂಬ, ಅರಮನೆಯ ಆಡಳಿತವನ್ನೆಲ್ಲ ನೋಡಿಕೊಳ್ಳುವ ಉನ್ನತ ಹುದ್ದೆಗೆ ಕರೆಸಿಕೊಂಡನು.

ಇವೆಲ್ಲವೂ ಅಧಿಕಾರದ ಮಾತಾಯಿತು. ಅವನು ನಿಜವಾಗಿ ಮಾಡಹೊರಟಿದ್ದ ಕೆಲಸ ಬೇರೆಯೇ ಇತ್ತು. ಪ್ಲೇಟೊ ಮತ್ತು ಅರಿಸ್ಟಾಟಲರ ಸಮಗ್ರ ಕೃತಿಗಳನ್ನು ಗ್ರೀಕಿನಿಂದ ಲ್ಯಾಟಿನ್ನಿಗೆ ತಂದು, ಇಬ್ಬರೂ ಮೂಲತಃ ಒಂದನ್ನೇ ಹೇಳುತ್ತಾರೆ ಎಂದು ತೋರಿಸಬೇಕೆಂಬುದು ಅವನ ಸಂಕಲ್ಪವಾಗಿತ್ತು. ಪಶ್ಚಿಮದಲ್ಲಿ ಗ್ರೀಕ್ ಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದ ಕಾಲವದು. ಸಂಕಲ್ಪ ಪೂರ್ತಿಯಾಗಲಿಲ್ಲ; ಅರಿಸ್ಟಾಟಲನ ತರ್ಕಗ್ರಂಥಗಳ ಅನುವಾದ, ಅವುಗಳಲ್ಲಿ ಕೆಲವಕ್ಕೆ ಬರೆದ ವ್ಯಾಖ್ಯಾನ, ಆ ತರ್ಕಕ್ಕೆ ಪೋರ್ಫಿರಿ ಎಂಬ ತತ್ತ್ವಜ್ಞಾನಿ ಬರೆದ ಪೀಠಿಕೆಯ ಮೇಲಿನ ಟೀಕೆ ಇಷ್ಟು ಆಗುವಷ್ಟರಲ್ಲಿ ಆಯುಷ್ಯ ಮುಗಿಯಿತು. ಆದರೂ ಹನ್ನೆರಡನೆಯ ಶತಮಾನದವರೆಗೆ ಲ್ಯಾಟಿನ್ ಓದುವ ಯುರೋಪಿಗೆ ಅರಿಸ್ಟಾಟಲ್ ಎಂದರೆ ಬಹುಮಟ್ಟಿಗೆ ಬೊಯೀಥಿಯಸ್ ಕೈಯಿಂದ ಬಂದಷ್ಟೇ ಆಗಿತ್ತು. ಅಂಕಗಣಿತ, ಸಂಗೀತಶಾಸ್ತ್ರಗಳ ಮೇಲೂ ಅವನು ಬರೆದನು. ಅವನ ಸಂಗೀತ ಗ್ರಂಥದಲ್ಲಿ ಒಂದು ಮಾತಿದೆ: ಹಾಡುವವನೂ ನುಡಿಸುವವನೂ ನಿಜವಾದ ಸಂಗೀತಗಾರನಲ್ಲ, ನಾದದ ಅನುಪಾತಗಳನ್ನು ಬುದ್ಧಿಯಿಂದ ತೂಗಿ ನೋಡಬಲ್ಲವನೇ ಸಂಗೀತಗಾರ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮ ಊರಿನ ಮಗ್ಗುಲಲ್ಲೇ ಇರುವಾಗ ಈ ಮಾತನ್ನು ಇಲ್ಲಿ ಯಾರೂ ಒಪ್ಪಲಾರರು, ನಾನಂತೂ ಒಪ್ಪುವುದಿಲ್ಲ. ಈ ಯಾವ ಸಂಗತಿಯೂ ನಾನು ಕೊಂಡ ಪುಸ್ತಕದ ಪೀಠಿಕೆಯಲ್ಲಿ ಇಲ್ಲ. ಬರ್ಗಂಡಿಯ ದೊರೆಗೆ ಕಾಣಿಕೆಯಾಗಿ ಕಳಿಸಲು ನೀರಿನ ಗಡಿಯಾರವನ್ನೂ ಬಿಸಿಲಿನ ಗಡಿಯಾರವನ್ನೂ ಸಿದ್ಧಪಡಿಸಿಕೊಡಬೇಕೆಂದು ಥಿಯೊಡೊರಿಕ್‌ನ ಹೆಸರಿನಲ್ಲಿ ಅವನ ಅಧಿಕಾರಿ ಕ್ಯಾಸಿಯೊಡೋರಸ್ ಬೊಯೀಥಿಯಸ್‌ನಿಗೆ ಬರೆದ ಪತ್ರ ಇಂದಿಗೂ ಉಳಿದಿದೆ. ಅಂಥದೊಂದು ವಿವರವನ್ನು ಸೇರಿಸಿದ್ದರೆ ಓದುಗನಿಗೆ ಆ ದೊರೆಯ ವಿಶ್ವಾಸ ಎಷ್ಟಿತ್ತೆಂಬುದೂ, ಅದು ಮುರಿದ ಬಗೆಯೂ ಅರ್ಥವಾಗುತ್ತಿತ್ತು.

ಮುರಿದದ್ದು ಹೀಗೆ. ರೋಮ್ ಮತ್ತು ಕಾನ್‌ಸ್ಟಾಂಟಿನೋಪಲ್‌ಗಳ ಚರ್ಚುಗಳ ನಡುವಿನ ಬಿರುಕು 519ರಲ್ಲಿ ಮುಚ್ಚಿಹೋದ ಮೇಲೆ, ಆ ಎರಡೂ ಚರ್ಚುಗಳು ಒಪ್ಪದ ಏರಿಯನ್ ಎಂಬ ಕ್ರೈಸ್ತ ಪಂಥದವನಾದ ಥಿಯೊಡೊರಿಕ್‌ಗೆ ತನ್ನ ರೋಮನ್ ಸೆನೆಟರುಗಳು ಪೂರ್ವದ ಚಕ್ರವರ್ತಿಯ ಕಡೆಗೆ ವಾಲುತ್ತಿದ್ದಾರೆಂಬ ಸಂಶಯ ಬೆಳೆಯತೊಡಗಿತು. ಆಲ್ಬಿನಸ್ ಎಂಬ ಸೆನೆಟರನು ಚಕ್ರವರ್ತಿ ಜಸ್ಟಿನ್‌ನ ಕಡೆಗೆ ಗುಟ್ಟಾಗಿ ಪತ್ರ ಬರೆದಿದ್ದಾನೆಂದು ಸಿಪ್ರಿಯನ್ ಎಂಬ ಅಧಿಕಾರಿ ಆರೋಪ ಹೊರಿಸಿದಾಗ, ಬೊಯೀಥಿಯಸ್ ಎದ್ದು ನಿಂತು, ಆರೋಪ ಸುಳ್ಳು, ಆಲ್ಬಿನಸ್ ತಪ್ಪು ಮಾಡಿದ್ದರೆ ನಾನೂ ಇಡೀ ಸೆನೆಟ್ಟೂ ಅದನ್ನೇ ಮಾಡಿದ್ದೇವೆ ಎಂದನು. ಆ ಒಂದು ಮಾತು ಸಾಕಾಯಿತು. ಅವನ ಮೇಲೆ ಸಾಕ್ಷಿ ಹೇಳಿದವರು ಯಾರೆಂಬುದನ್ನು ಅವನೇ ಈ ಪುಸ್ತಕದ ಮೊದಲ ಭಾಗದಲ್ಲಿ ಹೇಳುತ್ತಾನೆ: ಒಬ್ಬನು ಅರಸನ ಸೇವೆಯಿಂದ ವಜಾ ಆಗಿ ಸಾಲದಲ್ಲಿ ಮುಳುಗಿದ್ದ ಬೆಸಿಲಿಯಸ್, ಇನ್ನಿಬ್ಬರು, ವಂಚನೆಗಳಿಗಾಗಿ ಗಡೀಪಾರಿಗೆ ಗುರಿಯಾಗಿ, ಗುಡಿಯೊಳಗೆ ಅಡಗಿ, ಇಂಥ ದಿನದೊಳಗೆ ರಾವೆನ್ನಾ ಬಿಡದಿದ್ದರೆ ಹಣೆಗೆ ಬರೆ ಹಾಕಲಾಗುವುದೆಂದು ಅರಸನಿಂದಲೇ ಆಜ್ಞೆ ಪಡೆದಿದ್ದ ಒಪಿಲಿಯೊ ಮತ್ತು ಗೌಡೆನ್ಶಿಯಸ್. ಅದೇ ದಿನ ಅವರು ಕೊಟ್ಟ ದೂರು ಸ್ವೀಕಾರವಾಯಿತು. ಯಾವ ಸೆನೆಟ್ಟಿನ ಪರವಾಗಿ ಮಾತಾಡಿದ್ದನೋ ಅದೇ ಸೆನೆಟ್ಟು, ಸುಮಾರು ಐನೂರು ಮೈಲಿ ದೂರದಲ್ಲಿ ಬಂಧಿಯಾಗಿದ್ದ ಅವನಿಗೆ ಬಾಯಿ ತೆರೆಯುವ ಅವಕಾಶವನ್ನೂ ಕೊಡದೆ ಮರಣದಂಡನೆ ವಿಧಿಸಿತು. ಉತ್ತರ ಇಟಲಿಯ ಪಾವಿಯಾದಲ್ಲಿ 524ರ ಸುಮಾರಿಗೆ ಅವನ ಕೊಲೆಯಾಯಿತು. ಮಾವ ಸಿಮ್ಮಾಕಸ್‌ನನ್ನೂ ಸ್ವಲ್ಪ ಕಾಲದಲ್ಲೇ ಕೊಲ್ಲಿಸಲಾಯಿತು. 526ರಲ್ಲಿ ಥಿಯೊಡೊರಿಕ್ ಸತ್ತನು. ಊಟದ ತಟ್ಟೆಯಲ್ಲಿ ಬಂದ ದೊಡ್ಡ ಮೀನಿನ ತಲೆಯಲ್ಲಿ ಸಿಮ್ಮಾಕಸ್‌ನ ಮುಖ ಕಂಡು ಅರಸನು ಹೆದರಿ ಹಾಸಿಗೆ ಹಿಡಿದನೆಂಬ ಕಥೆಯನ್ನು ಇತಿಹಾಸಕಾರ ಪ್ರೊಕೋಪಿಯಸ್ ಬರೆದಿಟ್ಟಿದ್ದಾನೆ.

ಹಿಂಡಲಗಾದ ಕಾರಾಗೃಹದ ಮುಂದಿನ ರಸ್ತೆಯಲ್ಲಿ ನಾನು ಬಹಳ ವರ್ಷ ಕೆಲಸಕ್ಕೆ ಓಡಾಡಿದವನು. ಆ ಗೋಡೆಯ ಆಚೆಗೆ ಯಾರು ಏನು ಯೋಚಿಸುತ್ತಿರಬಹುದೆಂದು ಬಸ್ಸಿನ ಕಿಟಕಿಯಿಂದ ಒಮ್ಮೆಯಾದರೂ ಯೋಚಿಸಿದ್ದೆನೇ ಎಂದು ಈ ಪುಸ್ತಕದ ಮೊದಲ ಪುಟಗಳು ನನ್ನನ್ನು ಕೇಳಿದವು. ಉತ್ತರ ನನಗೆ ಹಿತವಾಗಿರಲಿಲ್ಲ.

ಪುಸ್ತಕ ತೆರೆಯುವುದು ಅಳುವಿನಿಂದ. ಬಂಧಿಯು ಹಾಸಿಗೆಯ ಮೇಲೆ ಕುಳಿತು, ಕಾವ್ಯದೇವತೆಯರು ಹೇಳಿಕೊಟ್ಟಂತೆ ಶೋಕಗೀತೆಯೊಂದನ್ನು ಬರೆಯುತ್ತಿದ್ದಾನೆ; ಅಕಾಲದಲ್ಲಿ ಕೂದಲು ಬೆಳ್ಳಗಾಯಿತು, ಬಾ ಎಂದರೆ ಸಾವೂ ಬರುತ್ತಿಲ್ಲ ಎಂಬ ಹಾಡು. ಆಗ ಅವನ ತಲೆಯ ಮೇಲ್ಗಡೆ ಒಬ್ಬ ಹೆಂಗಸು ಬಂದು ನಿಲ್ಲುತ್ತಾಳೆ; ಹೆಂಗಸಿನ ರೂಪದಲ್ಲಿ ಬಂದ ತತ್ತ್ವಶಾಸ್ತ್ರವೇ ಅವಳು. ಅವಳ ಎತ್ತರ ಒಮ್ಮೆ ಮನುಷ್ಯರಷ್ಟು, ಒಮ್ಮೆ ತಲೆ ಆಕಾಶವನ್ನು ಮುಟ್ಟುವಷ್ಟು. ಅವಳೇ ನೇಯ್ದ ಅವಳ ಉಡುಪಿನ ಕೆಳ ಅಂಚಿನಲ್ಲಿ ‘ಪೈ’, ಮೇಲಂಚಿನಲ್ಲಿ ‘ಥೀಟಾ’ ಎಂಬ ಗ್ರೀಕ್ ಅಕ್ಷರಗಳಿವೆ. ಕೆಳಗಿನದು ಆಚರಣೆಯ ತತ್ತ್ವ, ಮೇಲಿನದು ಚಿಂತನೆಯ ತತ್ತ್ವ, ಎರಡರ ನಡುವೆ ಏಣಿಯ ಮೆಟ್ಟಿಲುಗಳಂಥ ಕಸೂತಿ. ಆ ಉಡುಪು ಅಲ್ಲಲ್ಲಿ ಹರಿದಿದೆ. ಒಂದೊಂದು ಪಂಥದವರು ಬಂದು ಒಂದೊಂದು ಚೂರು ಕಿತ್ತುಕೊಂಡು, ಇಡೀ ತತ್ತ್ವಶಾಸ್ತ್ರವೇ ತಮಗೆ ಸಿಕ್ಕಿತೆಂದು ಹೋದರಂತೆ. ಅವಳು ಕಾವ್ಯದೇವತೆಯರನ್ನು ನಾಟಕದ ಬೀದಿಯ ಸೂಳೆಯರೆಂದು ಬೈದು ಹೊರಗೆ ಅಟ್ಟುತ್ತಾಳೆ, ಬಂಧಿಯ ಕಣ್ಣೀರನ್ನು ತನ್ನ ಸೆರಗಿನಿಂದ ಒರೆಸುತ್ತಾಳೆ, ಆಮೇಲೆ ವೈದ್ಯರು ನಾಡಿ ಹಿಡಿಯುವಂತೆ ಪ್ರಶ್ನೆ ಕೇಳತೊಡಗುತ್ತಾಳೆ. ನೀನು ಮನುಷ್ಯನೆಂಬುದು ನೆನಪಿದೆಯೇ? ಇದೆ. ಮನುಷ್ಯನೆಂದರೇನು? ವಿವೇಕವುಳ್ಳ, ಸಾಯುವ ಪ್ರಾಣಿ. ಅದರ ಹೊರತಾಗಿ ಬೇರೇನೂ ಅಲ್ಲವೇ? ಅಲ್ಲ. ಹಾಗಾದರೆ ನಿನ್ನ ರೋಗ ತಿಳಿಯಿತು, ನೀನು ಯಾರೆಂಬುದನ್ನೇ ನೀನು ಮರೆತಿದ್ದೀ ಎನ್ನುತ್ತಾಳೆ.

ಸಾಂತ್ವನ ಎಂಬ ಹೆಸರು ನೋಡಿ ಬೆನ್ನು ಸವರುವ ಮಾತುಗಳನ್ನು ನಿರೀಕ್ಷಿಸಿ ಕೊಳ್ಳುವವರಿಗೆ ಇದು ಹೇಳಲೇಬೇಕಾದ ಎಚ್ಚರಿಕೆ. ಇಲ್ಲಿ ಸಿಗುವುದು ಚಿಕಿತ್ಸೆ, ಅದೂ ಪಥ್ಯದ ಜೊತೆಗೆ. ಮೊದಲು ಸೌಮ್ಯವಾದ ಮದ್ದು, ದೇಹ ತಡೆದುಕೊಳ್ಳುವಂತಾದ ಮೇಲೆ ಕಟುವಾದದ್ದು ಎಂದು ಅವಳೇ ಕ್ರಮ ಹೇಳುತ್ತಾಳೆ. ಆ ಸೌಮ್ಯವಾದ ಮದ್ದಿನಲ್ಲಿ ಬಹುಪಾಲು ಹಾಡೇ ಆಗಿದೆ ಎಂಬಲ್ಲಿಗೆ ನನ್ನ ದೂರು ಬಂದು ನಿಲ್ಲುತ್ತದೆ.

ಮೂಲ ಕೃತಿಯ ಐದು ಭಾಗಗಳಲ್ಲಿ 39 ಪದ್ಯಗಳೂ 39 ಗದ್ಯಖಂಡಗಳೂ ಒಂದಾದ ಮೇಲೊಂದರಂತೆ ಬರುತ್ತವೆ. ಮೊದಲನೆಯದು ಪದ್ಯ, ಕೊನೆಯದು ಗದ್ಯ. ಲ್ಯಾಟಿನ್ ಕವಿಗಳು ಬಳಸುತ್ತಿದ್ದ ಹಲವಾರು ಛಂದಸ್ಸುಗಳನ್ನು ಅವನು ಇಲ್ಲಿ ದುಡಿಸಿಕೊಂಡಿದ್ದಾನೆ. ಇಂಗ್ಲಿಷ್ ಓದುಗನಿಗೆ ಈ ರೂಪವನ್ನು ವಿವರಿಸಲು ಒಂದು ಪ್ಯಾರಾ ಬೇಕಾಗಬಹುದು, ಕನ್ನಡದವರಿಗೆ ‘ಚಂಪೂ’ ಎಂದರೆ ಮುಗಿಯಿತು. ಮುಧೋಳದ ರನ್ನನ ‘ಗದಾಯುದ್ಧ’ವನ್ನು ಕಾಲೇಜಿನಲ್ಲಿ ಪಾಠವಾಗಿ ಓದಿದ ಯಾರಿಗಾದರೂ ಕಂದ, ವೃತ್ತ, ವಚನಗಳು ಒಂದರ ಮಗ್ಗುಲಲ್ಲಿ ಇನ್ನೊಂದು ನಿಂತು ಹೇಗೆ ಕೆಲಸ ಮಾಡುತ್ತವೆಂಬುದು ಗೊತ್ತಿರುತ್ತದೆ. ಗದ್ಯ ಕಥೆಯನ್ನು ಮುಂದಕ್ಕೆ ಒಯ್ಯುತ್ತದೆ, ಪದ್ಯ ಬಂದಾಗ ಕಥೆ ನಿಂತು ಎದೆ ಮಾತಾಡುತ್ತದೆ. ಅದಕ್ಕಾಗಿಯೇ ನಮ್ಮ ಹಳೆಯ ಸಂಪಾದಕರು ‘ಕಂ’, ‘ವ’ ಎಂದು ಅಂಚಿನಲ್ಲಿ ಗುರುತು ಹಾಕಿ ಒಂದೊಂದನ್ನೂ ಬೇರೆ ಬೇರೆಯಾಗಿ ಅಚ್ಚು ಹಾಕಿಸುತ್ತಿದ್ದರು. ನನ್ನ ಕೈಯಲ್ಲಿರುವ ಮುದ್ರಣದ ಪ್ರಕಾಶಕರು ಮಾಡಿದ್ದೇನೆಂದರೆ, ಹಕ್ಕುಸ್ವಾಮ್ಯ ಮುಗಿದ ಹಳೆಯ ಅನುವಾದವೊಂದನ್ನು ತೆಗೆದುಕೊಂಡು, ಪದ್ಯದ ಸಾಲುಗಳನ್ನೆಲ್ಲ ಗದ್ಯದ ಜೊತೆಗೆ ಒಂದೇ ಸಮನೆ ಹರಿಯಬಿಟ್ಟಿದ್ದಾರೆ. ಸಂಖ್ಯೆಗಳಿಲ್ಲ, ನಡುವೆ ಒಂದು ಖಾಲಿ ಸಾಲೂ ಇಲ್ಲ. ತರ್ಕ ನಡೆಯುತ್ತಿದ್ದಂತೆ ಇದ್ದಕ್ಕಿದ್ದಂತೆ ಸೂರ್ಯ, ಅಲೆ, ಪಂಜರದ ಹಕ್ಕಿ ಎಂದೆಲ್ಲ ಮಾತು ಬರುತ್ತದೆ. ಓದುಗನು ಅನುವಾದಕನಿಗೆ ಏನೋ ಎಡವಟ್ಟಾಗಿರಬೇಕೆಂದು ತಿಳಿಯುತ್ತಾನೆ. ನಾನೂ ಮೊದಲ ಓದಿನಲ್ಲಿ ಹಾಗೆಯೇ ತಿಳಿದಿದ್ದೆ.

ಹೆಚ್ಚು ಹಾನಿಯಾಗಿರುವುದು ಮೂರನೆಯ ಭಾಗಕ್ಕೆ. ಸಂಪತ್ತು, ಅಧಿಕಾರ, ಕೀರ್ತಿ, ಭೋಗ ಇವೆಲ್ಲ ಪೂರ್ಣವಾದ ಸುಖದ ಒಡೆದ ಚೂರುಗಳು ಎಂದು ತೋರಿಸಿದ ಮೇಲೆ, ಜಗತ್ತನ್ನು ನಡೆಸುವ ತಂದೆಯನ್ನು ಕುರಿತು ಅವಳು ಒಂದು ಪ್ರಾರ್ಥನೆಯನ್ನು ಹಾಡುತ್ತಾಳೆ. ಆ ಭಾಗದ ಒಂಬತ್ತನೆಯ ಪದ್ಯವಾದ ಅದು ಪ್ಲೇಟೊನ ‘ಟಿಮೇಯಸ್’ನ ಸೃಷ್ಟಿವಿಚಾರವನ್ನು ಕೆಲವೇ ಸಾಲುಗಳಲ್ಲಿ ಹಿಡಿದಿಟ್ಟ ಪದ್ಯ, ಇಡೀ ಪುಸ್ತಕದ ನಡುಗಂಬ, ಮಧ್ಯಯುಗದ ಪಂಡಿತರು ಆ ಒಂದೇ ಪದ್ಯಕ್ಕೆ ಪ್ರತ್ಯೇಕ ವ್ಯಾಖ್ಯಾನಗಳನ್ನು ಬರೆದಿದ್ದಾರೆ. ಇಲ್ಲಿ ಅದು ಪುಟದ ತಳದಲ್ಲಿ ಪ್ರಾರಂಭವಾಗಿ ಮುಂದಿನ ಪುಟದ ಮೊದಲ ಪ್ಯಾರಾದೊಳಗೆ ಕರಗಿಹೋಗಿದೆ. ಆ ಭಾಗದ ಕೊನೆಯಲ್ಲಿ ಬರುವ ಆರ್ಫಿಯಸ್‌ನ ಹಾಡಿಗೂ ಇದೇ ಗತಿ. ಹೆಂಡತಿಯನ್ನು ಪಾತಾಳದಿಂದ ಕರೆತರುವಾಗ ಬೆಳಕಿನ ಅಂಚಿನಲ್ಲಿ ಹಿಂತಿರುಗಿ ನೋಡಿ ಕಳೆದುಕೊಂಡವನ ಕಥೆ ಅದು. ಮೇಲಕ್ಕೆ ಹೊರಟವನು ಕೆಳಗೆ ನೋಡಬಾರದೆಂಬ ಪಾಠಕ್ಕಾಗಿ ಅವಳು ಹಾಡುತ್ತಾಳೆ, ಆದರೆ ಹಾಡು ಮಾತ್ರ ಪ್ರೀತಿಸುವವರಿಗೆ ಕಾನೂನು ಹಾಕಬಲ್ಲವರು ಯಾರೆಂದು ಕೇಳಿಬಿಡುತ್ತದೆ. ಸಾಯುವ ಮೊದಲು ಹೆಂಡತಿ ಮಕ್ಕಳನ್ನು ನೆನೆಯುತ್ತಿರುವವನ ಕೈಯಿಂದ ಬಂದ ಸಾಲದು. ಅದನ್ನು ಪ್ಯಾರಾದ ನಡುವೆ ಹೂತಿಡುವುದನ್ನು ನಾನು ಬರೀ ಮುದ್ರಣದೋಷವೆಂದು ಕರೆಯಲಾರೆ.

ನನ್ನ ಈ ತಕರಾರಿಗೆ ಪುಸ್ತಕದೊಳಗೇ ಒಂದು ಪ್ರತ್ಯುತ್ತರ ಇದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಬಂಧಿಯು ತನ್ನ ಮನೆಯ ಗ್ರಂಥಾಲಯವನ್ನು ನೆನೆದು ಮರುಗಿದಾಗ ಅವಳು, ದಂತ ಮತ್ತು ಗಾಜಿನಿಂದ ಅಲಂಕರಿಸಿದ ಆ ಗೋಡೆಗಳು ನನಗೆ ಬೇಡ, ನಿನ್ನ ಮನಸ್ಸೇ ನನ್ನ ಪೀಠ, ಅಲ್ಲಿ ನಾನು ಇರಿಸಿದ್ದು ಪುಸ್ತಕಗಳನ್ನಲ್ಲ, ಪುಸ್ತಕಗಳಿಗೆ ಬೆಲೆ ತರುವ ವಿಚಾರಗಳನ್ನು ಎನ್ನುತ್ತಾಳೆ. ಈ ಮಾತನ್ನು ಓದಿದಾಗ ಅಂಟು ಬಿಟ್ಟ ಪುಟಗಳನ್ನು ಕೈಯಲ್ಲಿ ಹಿಡಿದು ನಾನು ನಕ್ಕಿದ್ದು ನಿಜ. ಆದರೆ ಅದನ್ನು ಹೇಳಿದವಳೇ ಹೆಚ್ಚಿನ ಚರ್ಚೆಗಳ ಕೊನೆಗೆ ಹಾಡಿದಳು ಎಂಬುದೂ ಅಷ್ಟೇ ನಿಜ.

ಎರಡನೆಯ ಭಾಗವು ಹೆಚ್ಚು ಜನರಿಗೆ ಇಷ್ಟವಾಗುವಂಥದು, ಮುದ್ರಣದ ದೋಷ ಇಲ್ಲಿ ಅಷ್ಟಾಗಿ ಕಾಡುವುದೂ ಇಲ್ಲ. ಅದೃಷ್ಟದೇವತೆಯ ಚಕ್ರದ ಕಲ್ಪನೆ ಮಧ್ಯಯುಗದ ಯುರೋಪಿನಲ್ಲೆಲ್ಲ ಹರಡಿದ್ದು ಬಹುಮಟ್ಟಿಗೆ ಈ ಪುಟಗಳಿಂದಲೇ. ಬೇಕಾದರೆ ಮೇಲೆ ಏರು, ಆದರೆ ಆಟದ ನಿಯಮದಂತೆ ಇಳಿಯಬೇಕಾಗಿ ಬಂದಾಗ ಅನ್ಯಾಯವಾಯಿತೆಂದು ಕೂಗಬೇಡ ಎಂದು ಅದೃಷ್ಟದ ಪರವಾಗಿ ಅವಳು ವಾದಿಸುತ್ತಾಳೆ. ಇಬ್ಬರು ಮಕ್ಕಳು ಕಾನ್ಸಲ್ ಆಗಿ ಮನೆಯಿಂದ ಮೆರವಣಿಗೆ ಹೊರಟ ದಿನವನ್ನು ನೆನಪಿಸಿ, ಆಗ ನೀನು ಲೆಕ್ಕ ಕೇಳಲಿಲ್ಲವಲ್ಲ ಎಂದು ಕುಟುಕುತ್ತಾಳೆ. ಕೀರ್ತಿಯ ವಿಷಯಕ್ಕೆ ಬಂದಾಗ, ಸಿಸಿರೋನ ಕಾಲದಲ್ಲಿ ರೋಮಿನ ಹೆಸರು ಕಾಕಸಸ್ ಪರ್ವತವನ್ನೇ ದಾಟಿರಲಿಲ್ಲ, ಇನ್ನು ಒಬ್ಬ ರೋಮನ್ನನ ಹೆಸರು ಎಲ್ಲಿಗೆ ಹೋದೀತು ಎಂಬ ವಾದವಿದೆ. ಖಡೇಬಜಾರಿನವರೆಗೆ ಬಂದಿದೆ ಎಂದು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟಿದ್ದೇನೆ.

ನಾಲ್ಕು ಮತ್ತು ಐದನೆಯ ಭಾಗಗಳು ಕಠಿಣ. ದುಷ್ಟರು ಮೆರೆಯುವುದೇಕೆ ಎಂಬ ಪ್ರಶ್ನೆಗೆ, ತಾವು ಬಯಸುವ ಒಳ್ಳೆಯದನ್ನು ಮುಟ್ಟಲಾರದ ಅವರೇ ದುರ್ಬಲರು ಎಂಬ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗಲಿಲ್ಲ. ಒಪಿಲಿಯೊನಂಥವನ ಸಾಕ್ಷಿಯಿಂದ ಸಾಯಲಿರುವ ಮನುಷ್ಯನಿಗೆ ಅದು ಒಪ್ಪಿಗೆಯಾಯಿತೇ ಎಂದೂ ಅನುಮಾನ. ಐದನೆಯ ಭಾಗ ಮಾತ್ರ ನಮ್ಮ ಕಡೆಯ ಓದುಗರು ಬಿಡಬಾರದ ಭಾಗ, ಏಕೆಂದರೆ ಅದು ಹಣೆಬರಹದ ಪ್ರಶ್ನೆ. ಮುಂದಾಗುವುದೆಲ್ಲ ದೇವರಿಗೆ ಮೊದಲೇ ಗೊತ್ತಿದ್ದರೆ ನಾವು ಮಾಡುವುದು ನಮ್ಮ ಇಚ್ಛೆಯಿಂದ ಹೇಗಾಗುತ್ತದೆ? ಅವಳ ಉತ್ತರವೆಂದರೆ, ದೇವರು ಮುಂದಾಗುವುದನ್ನು ಮುಂಚೆಯೇ ತಿಳಿದಿರುವವನಲ್ಲ, ಎಲ್ಲ ಕಾಲವನ್ನೂ ಒಟ್ಟಿಗೆ ಈಗಲೇ ನೋಡುತ್ತಿರುವವನು. ಎತ್ತರದ ಶಿಖರದಿಂದ ನೋಡಿದಂತೆ ಆ ನೋಟ. ಯಳ್ಳೂರಿನ ರಾಜಹಂಸಗಡದ ಮೇಲೆ ನಿಂತವನಿಗೆ ಕೆಳಗಿನ ದಾರಿಯಲ್ಲಿ ಮುಂದೆ ಹೋದ ಗಾಡಿಯೂ ಹಿಂದೆ ಬರುತ್ತಿರುವ ಗಾಡಿಯೂ ಒಂದೇ ಸಲಕ್ಕೆ ಕಾಣುತ್ತವೆ, ಹಾಗೆಂದು ಅವನ ನೋಟ ಯಾವ ಗಾಡಿಯ ಎತ್ತನ್ನೂ ಹೊಡೆಯುವುದಿಲ್ಲ. ಹಣೆಬರಹ ಎಂಬ ನಮ್ಮ ಮಾತಿನಲ್ಲಿ ಬರೆಯುವ ಕೈಯೊಂದಿದೆ, ಇಲ್ಲಿ ಬರೀ ಕಣ್ಣಿದೆ. ಈ ವ್ಯತ್ಯಾಸ ತಿಳಿಯಲು ನನಗೆ ಎರಡನೆಯ ಓದು ಬೇಕಾಯಿತು, ಒಂದೆರಡು ಅಡಿಟಿಪ್ಪಣಿಗಳಿದ್ದಿದ್ದರೆ ಮೊದಲನೆಯದರಲ್ಲೇ ತಿಳಿಯುತ್ತಿತ್ತು.

ಪುಸ್ತಕವೆಂಬ ವಸ್ತುವಿನ ಬಗ್ಗೆ ಇನ್ನು ಕೆಲವು ಮಾತು. ಕಾಗದ ತೆಳುವಾಗಿ ಹಿಂದಿನ ಪುಟದ ಅಕ್ಷರ ಮುಂದಕ್ಕೆ ಇಣುಕುತ್ತದೆ. ಬೆನ್ನಿಗೆ ಹೊಲಿಗೆಯಿಲ್ಲ, ಬರೀ ಅಂಟು. ಬೆಳಗಾವಿಯ ಜುಲೈ ತಿಂಗಳ ತೇವಕ್ಕೆ ಅದು ಹದಿನೈದು ದಿನವೂ ನಿಲ್ಲಲಿಲ್ಲ. ಮುಖಪುಟದ ಮೇಲೆ ಗಡ್ಡದ ಗ್ರೀಕ್ ಪ್ರತಿಮೆಯೊಂದರ ಚಿತ್ರವಿದೆ, ಅದಕ್ಕೂ ಬೊಯೀಥಿಯಸ್‌ಗೂ ಸಂಬಂಧವಿಲ್ಲ. ಕೃತಿಯ ಕೊನೆಯ ಗದ್ಯ ಮುಗಿದ ಮರುಪುಟದಲ್ಲೇ, ಬೇಗ ಶ್ರೀಮಂತರಾಗುವ ಉಪಾಯಗಳನ್ನು ಕುರಿತ ಅದೇ ಪ್ರಕಾಶಕರ ಪುಸ್ತಕಗಳ ಜಾಹೀರಾತು ಅಚ್ಚಾಗಿದೆ. ಎರಡನೆಯ ಭಾಗವನ್ನು ಅಲ್ಲಿ ಯಾರೂ ಓದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಅಂಗಡಿಯವರ ಮೇಲೆ ನನ್ನ ದೂರಿಲ್ಲ. ಪುಟ ಕಿತ್ತು ಬಂದದ್ದನ್ನು ತೋರಿಸಿದಾಗ ಹಣ ಮರಳಿಸಲು ತಾವಾಗಿಯೇ ಮುಂದಾದರು, ಪದ್ಯಗಳನ್ನು ಬೇರೆಯಾಗಿ ಅಚ್ಚು ಹಾಕಿದ, ಟಿಪ್ಪಣಿಗಳಿರುವ ಬೇರೊಂದು ಅನುವಾದವನ್ನು ತರಿಸಿಕೊಡುವುದಾಗಿಯೂ ಹೇಳಿದರು. ಅದಕ್ಕೆ ಇದರ ಎರಡರಷ್ಟಕ್ಕಿಂತ ಹೆಚ್ಚು ಬೆಲೆಯಾಗುತ್ತದೆ. ಹೊಸದಾಗಿ ಓದಹೊರಟವರು ಅಷ್ಟು ಕೊಟ್ಟಾದರೂ ಅದನ್ನೇ ಕೊಳ್ಳಬೇಕು. ಇಂಗ್ಲೆಂಡಿನ ಆಲ್ಫ್ರೆಡ್ ದೊರೆಯ ಕಾಲದಿಂದ ಚಾಸರ್ ಕವಿಯವರೆಗೆ, 1593ರಲ್ಲಿ ರಾಣಿ ಮೊದಲನೆಯ ಎಲಿಜಬೆತ್‌ಳವರೆಗೆ ಇಂಗ್ಲಿಷಿಗೆ ಮತ್ತೆ ಮತ್ತೆ ಅನುವಾದಗೊಂಡ ಕೃತಿಗೆ ಒಳ್ಳೆಯ ಮುದ್ರಣಗಳ ಕೊರತೆಯೇನೂ ಇಲ್ಲ.

ನನ್ನ ಪ್ರತಿಯನ್ನು ನಾನು ಮರಳಿಸಲಿಲ್ಲ. ಶಹಾಪುರದ ಬೈಂಡರ್ ಒಬ್ಬರಿಗೆ 120 ರೂಪಾಯಿ ಕೊಟ್ಟು ಹೊಲಿಸಿ, ಗಟ್ಟಿ ರಟ್ಟು ಹಾಕಿಸಿಕೊಂಡೆ. ಎರಡನೆಯ ಓದಿನಲ್ಲಿ ಪದ್ಯವೆಂದು ತೋರಿದ ಕಡೆಗಳಲ್ಲೆಲ್ಲ ಅಂಚಿಗೆ ಗುರುತು ಹಾಕುತ್ತ ಹೋದೆ, 37 ಸಿಕ್ಕಿದ್ದವು. ಉಳಿದೆರಡರಲ್ಲಿ ಒಂದು ನಾಲ್ಕನೆಯ ಭಾಗದ ಸುದೀರ್ಘ ವಾದವೊಂದರ ಬಾಲದಲ್ಲಿ ಕಳೆದ ವಾರ ಕೈಗೆ ಸಿಕ್ಕಿತು. ಇನ್ನೊಂದನ್ನು ಹುಡುಕುತ್ತಿದ್ದೇನೆ.